ಶಾಲೆಯ ಗಣಕಯಂತ್ರಕ್ಕೆ ಹೊಸ ಹಾಸು

ಹಾಜರಿ, ಶುಲ್ಕ, ಅಂಕಪಟ್ಟಿ, ಹಳೆಯ ವಿದ್ಯಾರ್ಥಿಗಳ ಯಾದಿ ಮುಂತಾದವೆಲ್ಲ ಇಂದು ಗಣಕಯಂತ್ರವನ್ನೇ ಆಶ್ರಯಿಸಿವೆ. ಆ ಯಂತ್ರ ಮಂದಗತಿಯದಾದಾಗ, ಅಥವಾ ದಾನಿಗಳ ಔದಾರ್ಯದಿಂದ ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್.ಎಸ್.ಡಿ. ದೊರೆತಾಗ, ಆಪರೇಟಿಂಗ್ ಸಿಸ್ಟಮನ್ನು ಬುಡದಿಂದ ಅಳವಡಿಸುವ ಪ್ರಸಂಗ ಬರುತ್ತದೆ. 14 ಅಕ್ಟೋಬರ್ 2025ರಂದು ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ ನಿಂತ ತರುವಾಯ ಈ ವಿಷಯವನ್ನು ಅರಿಯುವ ಅಗತ್ಯ ಹೆಚ್ಚಿದೆ.

ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಇದನ್ನು ತಿಳಿಸುವುದು ಸುಲಭ. ಮಗ್ಗದಲ್ಲಿ ಹಳೆಯ ಹಾಸಿನ ಎಳೆಗಳಿಗೆ ಹೊಸ ಎಳೆಗಳನ್ನು ಬೆಸೆದು ನೇಯ್ಗೆ ಮುಂದುವರಿಸುವುದು ಒಂದು ರೀತಿ. ಗಣಕದಲ್ಲಿ ಅದಕ್ಕೆ ಅಪ್‌ಗ್ರೇಡ್ ಎನ್ನುವರು. ಹಳೆಯದೆಲ್ಲವನ್ನೂ ಬಿಚ್ಚಿ ತೆಗೆದು ಹೊಸ ಹಾಸನ್ನೇ ಏರಿಸುವುದು ಇನ್ನೊಂದು. ಇಲ್ಲಿ ಹಳೆಯ ತೊಡಕಾಗಲಿ, ಅಡಗಿ ಕುಳಿತ ವೈರಸ್ಸಾಗಲಿ ಸಾಮಾನ್ಯವಾಗಿ ಉಳಿಯದು. ಆದರೆ ಹಳೆಯ ಕಡತಗಳೂ ಉಳಿಯವು.

ಈ ಕೊನೆಯ ಮಾತನ್ನು ಎಸ್.ಎಸ್.ಡಿ.ಯ ವಿಷಯದಲ್ಲಿ ಅಕ್ಷರಶಃ ಗ್ರಹಿಸಬೇಕು. ಹಾರ್ಡ್ ಡಿಸ್ಕಿನಲ್ಲಿ ಕಡತವನ್ನು ಅಳಿಸಿದರೆ ಅಳಿಯುವುದು ಅದರ ವಿಳಾಸ ಮಾತ್ರ. ಕಾಂತೀಯ ಗುರುತುಗಳು ಮೇಲೆ ಬೇರೆ ಬರಹ ಬೀಳುವವರೆಗೂ ಇರುತ್ತವೆ, ತಜ್ಞರು ಅವನ್ನು ಮರಳಿ ಪಡೆಯಬಲ್ಲರು. ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವಿಲ್ಲ. ಸೂಕ್ಷ್ಮ ಕೋಶಗಳಲ್ಲಿ ನಿಂತ ವಿದ್ಯುದಂಶವೇ ಅದರ ಬರಹ. ಬರೆದುದರ ಮೇಲೆಯೇ ಮತ್ತೆ ಬರೆಯಲು ಬಾರದು. ಮೊದಲು ಒಂದು ಗುಂಪಿನ ಕೋಶಗಳನ್ನು ಒಟ್ಟಿಗೆ ಒರೆಸಬೇಕು. ಆದ್ದರಿಂದ ಯಾವ ಸ್ಥಳ ಇನ್ನು ಬೇಡವೆಂಬುದನ್ನು ಆಪರೇಟಿಂಗ್ ಸಿಸ್ಟಮ್ ಮುಂಚಿತವಾಗಿ ತಿಳಿಸುತ್ತದೆ. ಈ ಸೂಚನೆಗೆ ‘ಟ್ರಿಮ್’ ಎಂದು ಹೆಸರು. ಅದು ತಲುಪಿದ ಬಳಿಕ ಕಡತವನ್ನು ಮರಳಿ ಪಡೆಯುವ ಆಸೆಯನ್ನು ಬಹುಮಟ್ಟಿಗೆ ಬಿಡತಕ್ಕದ್ದು.

ಆದುದರಿಂದ ಪ್ರತಿ ಮಾಡುವುದೇ ಇಲ್ಲಿನ ಮುಖ್ಯ ಕಾರ್ಯ. ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಅರಸಿ, ಪ್ರತಿಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದುದನ್ನು ನಮ್ಮ ಓದುಗರು ಬಲ್ಲರು. ಓಲೆ ಒಂದೇ ಇದ್ದಲ್ಲಿ ಗೆದ್ದಲಿನ ಪಾಲಾದರೆ ವಚನವೂ ಹೋದಂತೆಯೇ. ಶಾಲೆಯ ಕಡತಗಳನ್ನು ಎರಡು ಬೇರೆ ಸಾಧನಗಳಿಗೆ ಪ್ರತಿಮಾಡಿ, ಬೇರೊಂದು ಗಣಕದಲ್ಲಿ ತೆರೆದು ನೋಡಿದ ಹೊರತು ಮುಂದುವರಿಯಲಾಗದು. ಡೆಸ್ಕ್‌ಟಾಪಿನ ಮೇಲಿನ ಕಡತಗಳನ್ನೇ ಜನ ಮರೆಯುವುದು ಹೆಚ್ಚು.

ಕನ್ನಡದ ಕಡತಗಳಿಗೆ ಒಂದು ವಿಶೇಷವುಂಟು. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಬರಹವು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಬಳಸುತ್ತದೆ. ಹೊಸ ಅಳವಡಿಕೆಯಲ್ಲಿ ಆ ಫಾಂಟ್ ಇಲ್ಲದ್ದರಿಂದ ವಚನಸಂಗ್ರಹವು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುವುದು. ಕಡತ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ನುಡಿಯನ್ನು ಮತ್ತೆ ಅಳವಡಿಸಿದರೆ ಕನ್ನಡ ಮರಳುತ್ತದೆ. ಆದರೂ 1991ರಿಂದ ಕನ್ನಡಕ್ಕೆ ಸ್ವಂತ ಸ್ಥಾನ ಕೊಟ್ಟಿರುವ ಯೂನಿಕೋಡಿಗೆ ಇಂಥ ಬರಹಗಳನ್ನು ಪರಿವರ್ತಿಸಿಡುವುದೇ ಲೇಸು.

ಉಳಿದ ಕೆಲಸ ಅಲ್ಪ. ಸುಸ್ಥಿತಿಯಲ್ಲಿರುವ ಗಣಕವೊಂದರಲ್ಲಿ, ತಯಾರಕರ ಅಧಿಕೃತ ಸಾಧನದಿಂದಲೇ, ಕನಿಷ್ಠ 8 ಜಿ.ಬಿ.ಯ ಪೆನ್ ಡ್ರೈವನ್ನು ಸಿದ್ಧಪಡಿಸಬೇಕು. ಬೇರೆ ಡಿಸ್ಕುಗಳನ್ನು ಕಳಚಿಟ್ಟು, ಪೆನ್ ಡ್ರೈವಿನಿಂದ ಯಂತ್ರವನ್ನು ಆರಂಭಿಸಿ, ಗಾತ್ರ ನೋಡಿ ಎಸ್.ಎಸ್.ಡಿ.ಯನ್ನು ಗುರುತಿಸಿ, ಅದರ ವಿಭಾಗಗಳನ್ನೆಲ್ಲ ತೆಗೆದು, ಖಾಲಿ ಸ್ಥಳವನ್ನು ಆರಿಸಿದರೆ ಸಾಕು. ಬೇಕಾದ ವಿಭಾಗಗಳನ್ನು ಅದೇ ರಚಿಸಿಕೊಳ್ಳುತ್ತದೆ. ವಿದ್ಯುತ್ತು ನಡುವೆ ಹೋಗುವ ಊರುಗಳಲ್ಲಿ ಯು.ಪಿ.ಎಸ್. ಇರಲಿ. ಡಿಸ್ಕಿನ ತುಂಬ ಪದೇ ಪದೇ ಸೊನ್ನೆ ಬರೆಯುವುದು, ಡಿಫ್ರಾಗ್ ಮಾಡುವುದು ಹಾರ್ಡ್ ಡಿಸ್ಕಿನ ಕಾಲದ ರೂಢಿಗಳು, ಎಸ್.ಎಸ್.ಡಿ.ಯ ಕೋಶಗಳು ಮಿತವಾದ ಬರಹಗಳನ್ನಷ್ಟೇ ತಾಳುವುದರಿಂದ ಇವು ವ್ಯರ್ಥ ಸವೆತ.

ವಿಂಡೋಸ್ 11 ಟಿ.ಪಿ.ಎಂ. 2.0 ಎಂಬ ರಕ್ಷಣಾಂಗವನ್ನು ಬೇಡುತ್ತದೆ. ಅದಿಲ್ಲದ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವುದು ದಾನಿಗಳ ದುಡ್ಡಿಗೆ ನ್ಯಾಯವಲ್ಲ. ಕೇರಳದ ಸರಕಾರಿ ಶಾಲೆಗಳು, ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿ, ಉಚಿತವಾದ ಲಿನಕ್ಸ್ ವ್ಯವಸ್ಥೆಯಲ್ಲೇ ಪಾಠ ನಡೆಸುತ್ತ ಬಂದಿವೆ.

ಕಳಚಿದ ಹಾರ್ಡ್ ಡಿಸ್ಕಿನ ಮೇಲೆ ದಿನಾಂಕ ಬರೆದು ಕಪಾಟಿನಲ್ಲಿಡಬಹುದು. ಆ ಕೆಲಸಕ್ಕೆ ಎಸ್.ಎಸ್.ಡಿ. ತಕ್ಕುದಲ್ಲ, ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಅದರ ಕೋಶಗಳ ವಿದ್ಯುದಂಶ ಮೆಲ್ಲಗೆ ಸೋರಿಹೋಗಬಹುದು.