ಭಗವಂತನಿಗೆ ರೂಪವುಂಟೆ?

ಬನದ ಹುಣ್ಣಿಮೆಗೆಂದು ಬಾಗಲಕೋಟೆ, ಹುನಗುಂದ, ಇಳಕಲ್ಲುಗಳಿಂದ ಬನಶಂಕರಿಗೆ ಹೋದವರು ಬಾದಾಮಿಯ ಗುಹಾಲಯಗಳನ್ನೂ ನೋಡಿ ಬರುವುದುಂಟು. ಅಲ್ಲಿಯ ಮೂರನೆಯ ಗುಹೆಯು ಕ್ರಿ.ಶ. 578ರಲ್ಲಿ ಚಾಲುಕ್ಯ ಮಂಗಳೇಶನು ಮಾಡಿಸಿದ ವಿಷ್ಣುಗೃಹ. ಅನಂತಾಸನನಾದ ಪರಮಾತ್ಮ, ಭೂವರಾಹ, ನರಸಿಂಹ, ಪಾದವನ್ನೆತ್ತಿ ನಿಂತ ತ್ರಿವಿಕ್ರಮ ಇವರನ್ನು ಕಂಡ ಮಕ್ಕಳು "ದೇವರಿಗೆ ನಿಜವಾಗಿಯೂ ಕೈಕಾಲುಗಳುಂಟೆ?" ಎಂದು ಕೇಳಿದರೆ ಅವರ ಬಾಯಿ ಮುಚ್ಚಿಸುವುದು ಹಿರಿಯರಿಗೆ ತರವಲ್ಲ. ಶಾಸ್ತ್ರವೇ ವಿಚಾರಕ್ಕೆತ್ತಿಕೊಂಡ ಪ್ರಶ್ನೆಯಿದು.

ಪ್ರತಿಮಾಪೂಜೆಯನ್ನು ಒಪ್ಪದ ಯೆಹೂದ್ಯರಲ್ಲಿಯೂ ಈ ಚರ್ಚೆ ನಡೆದಿದೆ. ಅವರ ಧರ್ಮಗ್ರಂಥದಲ್ಲಿ ದೇವರ ಕೈ, ಕಣ್ಣು, ಪಾದಗಳ ಮಾತು ಬರುತ್ತದೆ; ಪರ್ವತದಲ್ಲಿ ದೇವರ ವಾಣಿಯನ್ನು ಕೇಳಿದವರು ಯಾವ ರೂಪವನ್ನೂ ಕಾಣಲಿಲ್ಲವೆಂಬ ಮಾತೂ ಬರುತ್ತದೆ. 12ನೆಯ ಶತಮಾನದ ಮಹಾಪಂಡಿತ ಮೈಮೊನಿಡೀಸನು, ದೇವರಿಗೆ ಶರೀರವಿಲ್ಲವೆಂಬುದನ್ನು ತನ್ನ 13 ಮೂಲತತ್ತ್ವಗಳಲ್ಲಿ ಮೂರನೆಯದಾಗಿ ಇರಿಸಿದನು. ಶರೀರವೆಂದರೆ ಭಾಗಗಳು, ಭಾಗಗಳೆಂದರೆ ಮಿತಿ; ಅದರಿಂದ ದೇವರ ಏಕತ್ವಕ್ಕೇ ಭಂಗವೆಂಬುದು ಅವನ ಯುಕ್ತಿ. ಕೈಕಣ್ಣುಗಳ ಮಾತು ಮನುಷ್ಯರಿಗೆ ತಿಳಿಯಲೆಂದು ಆಡಿದ ಮನುಷ್ಯರ ಭಾಷೆಯೆಂದನು. ಶರೀರವುಂಟೆಂದವರನ್ನು ಪಾಷಂಡಿಗಳ ಸಾಲಿಗೆ ಸೇರಿಸಿದನು. ಆಗ ಫ್ರಾನ್ಸ್ ದೇಶದ ಅಬ್ರಹಾಮನೆಂಬ ಪಂಡಿತನು, ಗ್ರಂಥದ ಮಾತನ್ನು ಇದ್ದಂತೆಯೇ ನಂಬಿದ ದೊಡ್ಡವರೂ ಇದ್ದಾರೆ, ಅವರನ್ನು ಪಾಷಂಡಿಗಳೆನ್ನುವುದೇಕೆಂದು ಆಕ್ಷೇಪಿಸಿದನು.

13ನೆಯ ಶತಮಾನದಲ್ಲಿ ಅವತರಿಸಿದ ಶ್ರೀಮದಾಚಾರ್ಯರೂ ಭಗವಂತನಲ್ಲಿ ಭಾಗಭೇದವನ್ನು ಒಪ್ಪುವುದಿಲ್ಲ. ಆದರೆ ಅದಕ್ಕಾಗಿ ರೂಪವನ್ನು ಬಿಡಬೇಕಿಲ್ಲವೆಂಬುದು ಅವರ ಸಿದ್ಧಾಂತ. ಬ್ರಹ್ಮಸೂತ್ರಭಾಷ್ಯದ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಅವರು ನಿರ್ಣಯಿಸಿದಂತೆ, ರೂಪವಿಲ್ಲವೆಂದರೆ ಪ್ರಕೃತಿಯಿಂದಾದ ರೂಪವಿಲ್ಲವೆಂದರ್ಥ. ಪ್ರಕೃತಿಗೆ ಒಡೆಯನಾದವನಿಗೆ ಅದರಿಂದಾದ ದೇಹವೆಲ್ಲಿಯದು? ಅವನ ದೇಹವು ಜ್ಞಾನಾನಂದಮಯ. ನಮ್ಮ ಕೈ ಬೇರೆ, ಕಾಲು ಬೇರೆ, ಇವುಗಳನ್ನುಳ್ಳ ಜೀವನು ಬೇರೆ. ಭಗವಂತನಲ್ಲಿಯಾದರೋ ಅವಯವಕ್ಕೂ ಅವಯವಿಗೂ ಭೇದವಿಲ್ಲ. ಪ್ರತಿಯೊಂದು ಅವಯವವೂ ಪೂರ್ಣ. ಭಾಗಗಳೇ ಇಲ್ಲವಾದ ಮೇಲೆ ಏಕತ್ವಕ್ಕೆ ಭಂಗವೆಲ್ಲಿ?

ಹಾಗಾದರೆ ಬಾದಾಮಿಯ ಶಿಲೆಯೇ ಆ ದೇಹವೆ? ಅಲ್ಲ. ಪ್ರತೀಕವನ್ನೇ ಬ್ರಹ್ಮನೆಂದು ತಿಳಿಯಬಾರದೆಂದು ನಾಲ್ಕನೆಯ ಅಧ್ಯಾಯದಲ್ಲಿ ಆಚಾರ್ಯರು ಎಚ್ಚರಿಸುತ್ತಾರೆ. ಶಿಲೆಯು ಅಧಿಷ್ಠಾನ, ಪೂಜೆ ಸಲ್ಲುವುದು ಅದರೊಳಗೆ ಸನ್ನಿಹಿತನಾದ ಬಿಂಬಮೂರ್ತಿಗೆ. ಕಲ್ಲನ್ನೇ ದೇವರೆಂದರೆ ಜಡವನ್ನು ಪೂಜಿಸಿದಂತಾಯಿತು. ರೂಪವೇ ಇಲ್ಲವೆಂದರೆ ಧ್ಯಾನಕ್ಕೆ ವಿಷಯವೇ ಇಲ್ಲದಂತಾಯಿತು. ಈ ಎರಡು ತಪ್ಪುಗಳಿಂದಲೂ ಪಾರಾಗಬೇಕಾದರೆ ಪೂಜೆಯ ಜೊತೆಗೆ ತತ್ತ್ವಜ್ಞಾನವೂ ಬೇಕು.

ಆದ್ದರಿಂದ ಸಜ್ಜನರು ಮಕ್ಕಳಿಗೆ ಹೀಗೆ ಹೇಳಬಹುದು: "ದೇವರಿಗೆ ಕೈಕಾಲುಗಳುಂಟು ಮಗು, ಆದರೆ ನಮ್ಮವುಗಳಂತೆ ಹುಟ್ಟಿ ಸವೆಯುವವಲ್ಲ. ಈ ಶಿಲೆಯೊಳಗಿದ್ದು ಅವನು ನಮ್ಮ ಪೂಜೆಯನ್ನು ಸ್ವೀಕರಿಸುತ್ತಾನೆ."

॥ ಶ್ರೀಕೃಷ್ಣಾರ್ಪಣಮಸ್ತು ॥