ಸ್ಕ್ಯಾನಿಂಗ್ ಕೋಣೆಯಲ್ಲಿ ಮಗು ಮುಖ ತಿರುಗಿಸಿದರೆ

ಜೀರೋಡರ್ಮಾ ಪಿಗ್ಮೆಂಟೋಸಮ್ ಎಂಬುದು ಬಿಸಿಲೇ ವೈರಿಯಾಗುವ ಅಪರೂಪದ ಕಾಯಿಲೆ. ಬಿಸಿಲಿನ ನೇರಳಾತೀತ ಕಿರಣಗಳಿಂದ ಚರ್ಮದ ಡಿಎನ್‌ಎಗೆ ಆಗುವ ಹಾನಿಯನ್ನು ದೇಹ ತಾನೇ ಸರಿಪಡಿಸಿಕೊಳ್ಳುತ್ತದೆ. ಈ ಕಾಯಿಲೆಯಿರುವ ಮಕ್ಕಳಲ್ಲಿ ಆ ರಿಪೇರಿ ಸರಿಯಾಗಿ ನಡೆಯುವುದಿಲ್ಲವೆಂದು ಜೇಮ್ಸ್ ಕ್ಲೀವರ್ 1968ರಲ್ಲಿ ತೋರಿಸಿಕೊಟ್ಟರು. ದೋಷವಿರುವ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದಾಗ ಕಾಯಿಲೆ ಬರುತ್ತದೆ. ಅಕ್ಕನ ಮಗಳನ್ನೇ ತಂದುಕೊಳ್ಳುವ ನಮ್ಮ ಮನೆತನಗಳಲ್ಲಿ ಆ ಸಾಧ್ಯತೆ ಹೆಚ್ಚು. ಇದರಲ್ಲಿ ತಪ್ಪು ಹೊರಿಸುವ ಮಾತಿಲ್ಲ.

ಇಂಥ ಮಕ್ಕಳಿಗೆ ಹತ್ತು ವರ್ಷದೊಳಗೇ ಚರ್ಮದ ಕ್ಯಾನ್ಸರ್ ಬರಬಹುದು, ಮತ್ತೆ ಮತ್ತೆ ಬರಬಹುದು. ಮುಂದೆಯೂ ಆಪರೇಷನ್‌ಗಳು ಇರುವುದರಿಂದ ಮೂಗು, ರೆಪ್ಪೆಗಳ ಚರ್ಮವನ್ನು ಸರ್ಜನ್ ಜಿಪುಣತನದಿಂದಲೇ ತೆಗೆಯಬೇಕು. ಗಡ್ಡೆ ಎಷ್ಟು ಆಳಕ್ಕಿಳಿದಿದೆ ಎಂದು ಮೊದಲೇ ಅಂದಾಜು ಮಾಡಲು ಚರ್ಮದ ಅಲ್ಟ್ರಾಸೌಂಡ್ ನೆರವಾಗುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್‌ಗೆ ಸುಮಾರು 2ರಿಂದ 5 ಮೆಗಾಹರ್ಟ್ಸ್ ಶಬ್ದತರಂಗ ಸಾಕು. ಚರ್ಮಕ್ಕೆ 20ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಬೇಕು. ಕಂಪನ ಹೆಚ್ಚಿದಷ್ಟೂ ಚಿತ್ರ ಸೂಕ್ಷ್ಮವಾಗುತ್ತದೆ, ಆದರೆ ತರಂಗ ಕೆಲವೇ ಮಿಲಿಮೀಟರ್ ಒಳಗೆ ಹೋಗುತ್ತದೆ. ಎಕ್ಸ್‌ರೇ ಕಿರಣವಿಲ್ಲ, ಸೂಜಿಯೂ ಇಲ್ಲ.

ಆದರೂ ಮಗು ಕಿರುಚಿ ಮುಖ ತಿರುಗಿಸುತ್ತದೆ. ಕೂದಲೆಳೆಯಷ್ಟು ಅಲುಗಿದರೂ ಅಳತೆ ಕೆಡುತ್ತದೆ ಎಂದು ಗೊತ್ತಿರುವ ಅಪ್ಪ ಅಮ್ಮ ತಲೆಯನ್ನು ಒತ್ತಿ ಹಿಡಿಯುತ್ತಾರೆ. ಮಗುವಿನ ಕಡೆಯಿಂದ ನೋಡಿ. ಹಿಂದೆ ಬಯಾಪ್ಸಿಗೆಂದು, ಅಂದರೆ ಪರೀಕ್ಷೆಗೆ ಚರ್ಮದ ತುಣುಕು ತೆಗೆಯಲೆಂದು, ಇದೇ ಮುಖದ ಹತ್ತಿರ ಕೈ ಬಂದಿತ್ತು. ಆಗಲೂ “ಏನೂ ಮಾಡಲ್ಲ ಪುಟ್ಟಾ” ಎಂದೇ ಹೇಳಿದ್ದೆವು. ಈಗ ಅದೇ ಮಾತು ಕಿವಿಗೆ ಬಿದ್ದರೆ ಅದಕ್ಕೆ ಸೂಜಿಯೇ ನೆನಪಾಗುತ್ತದೆ. ಈ ಮಕ್ಕಳಲ್ಲಿ ಹಲವರಿಗೆ ಬೆಳಕು ಕಣ್ಣು ಚುಚ್ಚುತ್ತದೆ. ಕೆಲವರಿಗೆ ನರಗಳ ತೊಂದರೆಯಿಂದ ಕಿವಿಯೂ ಮಂದವಾಗುತ್ತಾ ಬರುತ್ತದೆ. ಹೇಳಿದ್ದು ಕೇಳಿಸದ ಮಗುವನ್ನು ಹಠಮಾರಿ ಎಂದು ಗದರಿಸುವುದನ್ನು ಕಂಡಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ.

ಸ್ಕ್ಯಾನಿಂಗ್‌ಗೆ ಮುನ್ನ ನಿಜವನ್ನೇ ಹೇಳಿ: “ತಣ್ಣಗಿನ ಜೆಲ್ ಹಚ್ಚುತ್ತಾರೆ, ಮೆಲ್ಲಗೆ ಒಂದು ಉಪಕರಣ ಇಡುತ್ತಾರೆ. ಇವತ್ತು ಸೂಜಿ ಇಲ್ಲ.” ಸೂಜಿ ಇರುವ ದಿನ ಇದೆ ಎಂದೂ ಹೇಳಿ; ಇಲ್ಲದಿದ್ದರೆ ಇಂದಿನ ಮಾತಿಗೆ ಬೆಲೆಯಿಲ್ಲ. ಜೆಲ್ಲನ್ನು ಮೊದಲು ಅಂಗೈಗೆ ಹಚ್ಚಿ ತೋರಿಸಲು ಸಿಬ್ಬಂದಿಯನ್ನು ಕೇಳಿ. ಕಿಟಕಿಯ ಪರದೆ ಎಳೆಸಿ. ಗಟ್ಟಿಯಾಗಿ ಒತ್ತಿದರೆ ಚರ್ಮ ಅದುಮಿಹೋಗಿ ಗಡ್ಡೆಯ ಆಳವೇ ಕಡಿಮೆ ಕಾಣುವುದರಿಂದ, ಉಪಕರಣವನ್ನು ಹಗುರವಾಗಿ ಇಡುವುದೇ ಕ್ರಮ. ಇದನ್ನೂ ಮಗುವಿಗೆ ಹೇಳಬಹುದು.

ಸ್ಕ್ಯಾನಿಂಗ್ ವರದಿಯಲ್ಲಿನ ಆಳದ ಅಂಕಿ ಅಂದಾಜು ಮಾತ್ರ. ಗಡ್ಡೆಯ ಸುತ್ತ ಉರಿಯೂತವಿದ್ದರೆ ಅದೂ ಗಡ್ಡೆಯಂತೆಯೇ ಕಪ್ಪಾಗಿ ಕಂಡು ಆಳ ಹೆಚ್ಚೆನಿಸಬಹುದು. ಆಪರೇಷನ್ನಿನಲ್ಲಿ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ ವರದಿಯೇ ಅಂತಿಮ. ಎರಡೂ ತಾಳೆಯಾಗದಿದ್ದರೆ ಗಾಬರಿಯಾಗದೆ ಡಾಕ್ಟರನ್ನು ಕೇಳಿ. ಮುಂದಿನ ತಪಾಸಣೆ ಯಾವಾಗ ಎಂಬುದನ್ನೂ ಆಗಲೇ ಬರೆಸಿಕೊಳ್ಳಿ.