ಬೇಗ ನಿವೃತ್ತಿಯಾಗುವ ಯೋಚನೆಯೇ? ಹೃದಯದ ಲೆಕ್ಕವನ್ನೂ ಹಾಕಿಕೊಳ್ಳಿ



"ಡಾಕ್ಟ್ರೇ, ಇನ್ನೊಂದು ಐದು ವರ್ಷ ಹೇಗಾದ್ರೂ ತಳ್ಳಿಬಿಡ್ತೀನಿ. ಕೆಲಸ ಬಿಟ್ಟ ಮೇಲೆ ವಾಕಿಂಗ್, ಯೋಗ, ಪಥ್ಯ ಎಲ್ಲ ಶುರು ಮಾಡ್ತೀನಿ." ನಲವತ್ತು ದಾಟಿದವರ ಬಾಯಲ್ಲಿ ನಾನು ಮತ್ತೆ ಮತ್ತೆ ಕೇಳುವ ಮಾತಿದು. ಬ್ಯಾಂಕಿನವರು, ಐಟಿಯವರು, ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವವರು, ಎಲ್ಲರದ್ದೂ ಒಂದೇ ಕಥೆ. ಕೆಲಸ ಬೇಸರವಾಗಿದೆ, ಲೋಕಲ್ ಟ್ರೇನು, ಟ್ರಾಫಿಕ್ಕು ಸಾಕಾಗಿದೆ. ಆದರೆ ಮಕ್ಕಳ ಫೀಸು, ಮನೆಯ ಇಎಂಐ ಬಾಕಿ ಇದೆ. ಅದಕ್ಕೇ 50ಕ್ಕೋ 55ಕ್ಕೋ ಬಿಡುವ ಯೋಜನೆ.

ಯೋಜನೆ ತಪ್ಪಲ್ಲ. ಆದರೆ ಅದರಲ್ಲಿ ಹಣದ ಲೆಕ್ಕ ಮಾತ್ರ ಇರುತ್ತದೆ. "ತಳ್ಳುವ" ಆ ಐದು ವರ್ಷದಲ್ಲಿ ದೇಹಕ್ಕೆ ಏನಾಗುತ್ತದೆ ಎಂಬ ಲೆಕ್ಕ ಇರುವುದಿಲ್ಲ. ಇವತ್ತು ಅದನ್ನೇ ನೋಡೋಣ.

*ಬೇಡದ ಕೆಲಸ ಹೃದಯಕ್ಕೆ ಏನು ಮಾಡುತ್ತದೆ?*

ಕೆಲಸ ಹೆಚ್ಚಿದೆ ಎಂಬುದೊಂದೇ ತೊಂದರೆಯಲ್ಲ. ಕೆಲಸದ ಹೊರೆ ಹೆಚ್ಚು, ಅದನ್ನು ಯಾವಾಗ, ಹೇಗೆ ಮಾಡಬೇಕು ಎಂಬುದರಲ್ಲಿ ನಮ್ಮ ಮಾತು ನಡೆಯುವುದಿಲ್ಲ ಎಂಬ ಸ್ಥಿತಿ ಹೃದಯಕ್ಕೆ ಒಳ್ಳೆಯದಲ್ಲ. 2012ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಯುರೋಪಿನ ಸುಮಾರು 2 ಲಕ್ಷ ಜನರ ಅಧ್ಯಯನ ಬಂತು. ಇಂಥ ಕೆಲಸದಲ್ಲಿರುವವರಿಗೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಶೇ. 23ರಷ್ಟು ಹೆಚ್ಚು ಕಂಡಿತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದಯ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದವು.

ಇದರ ಜೊತೆಗೆ ಇನ್ನೊಂದಿದೆ. ಬೇಡದ ಕೆಲಸವನ್ನು ಸಹಿಸಿಕೊಳ್ಳಲು ನಾವು ಹಿಡಿಯುವ ದಾರಿಗಳು: ಗಂಟೆಗೊಂದು ಚಹಾ, ಜೊತೆಗೊಂದು ಸಿಗರೇಟು, ಸಂಜೆ ವಡಾಪಾವ್, ರಾತ್ರಿ ಹತ್ತೂವರೆಗೆ ಊಟ, ಶನಿವಾರ 'ಸ್ವಲ್ಪ' ಡ್ರಿಂಕ್ಸ್. ಧೂಮಪಾನ ಒಂದೇ ಹೃದಯಾಘಾತದ ಅಪಾಯವನ್ನು ಸುಮಾರು ಮೂರು ಪಟ್ಟು ಮಾಡುತ್ತದೆ. ಅಂದರೆ ಕೆಲಸಕ್ಕಿಂತ, ಕೆಲಸದ ನೆಪದಲ್ಲಿ ಮಾಡುವುದೇ ಹೆಚ್ಚು ಕೆಡಿಸುತ್ತದೆ. ಸಮಾಧಾನದ ವಿಷಯವೆಂದರೆ, ಕೆಲಸ ಇವತ್ತೇ ಬಿಡಲು ಆಗದಿದ್ದರೂ ಇವುಗಳನ್ನು ಇವತ್ತೇ ಬಿಡಬಹುದು.

*ಕೆಲಸ ಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ?*

ಅರ್ಧ ಸರಿಹೋಗುತ್ತದೆ. ಫ್ರಾನ್ಸಿನ ವಿದ್ಯುತ್ ಮತ್ತು ಗ್ಯಾಸ್ ಸಂಸ್ಥೆಯ ಸುಮಾರು 14,000 ನೌಕರರನ್ನು ನಿವೃತ್ತಿಗೆ ಮೊದಲೂ ಆಮೇಲೂ ವರ್ಷಗಟ್ಟಲೆ ಗಮನಿಸಿದರು. ನಿವೃತ್ತಿಯ ನಂತರ ಅವರ ಆಯಾಸ ಮತ್ತು ಮನಸ್ಸಿನ ಕುಗ್ಗುವಿಕೆ ಚೆನ್ನಾಗಿ ಕಡಿಮೆಯಾಯಿತು. ಆದರೆ ಹೃದಯ ಕಾಯಿಲೆ, ಸಕ್ಕರೆ ಕಾಯಿಲೆಯ ಮೇಲೆ ನಿವೃತ್ತಿಯಿಂದ ವ್ಯತ್ಯಾಸವಾಗಲಿಲ್ಲ. ರಕ್ತನಾಳದ ಗೋಡೆಯಲ್ಲಿ ಇಪ್ಪತ್ತು ವರ್ಷ ಕೂಡಿದ ಕೊಬ್ಬು ರಿಲೀವಿಂಗ್ ಲೆಟರ್ ನೋಡಿ ಹೊರಟುಹೋಗುವುದಿಲ್ಲ.

ಈಗ ನಮ್ಮವರ ವಿಷಯ. 52 ದೇಶಗಳಲ್ಲಿ ನಡೆದ 'ಇಂಟರ್‌ಹಾರ್ಟ್' ಅಧ್ಯಯನದ ನೇತೃತ್ವ ವಹಿಸಿದ್ದವರು ಡಾ. ಸಲೀಂ ಯೂಸುಫ್. ಅವರು ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ. ಆ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದಲ್ಲಿ ಮೊದಲ ಹೃದಯಾಘಾತವಾದವರ ಮಧ್ಯಮ ವಯಸ್ಸು 53, ಉಳಿದ ದೇಶಗಳಲ್ಲಿ ಸುಮಾರು 59. ಅಂದರೆ ನಮ್ಮಲ್ಲಿ ಹೃದಯಾಘಾತವಾದವರಲ್ಲಿ ಅರ್ಧದಷ್ಟು ಜನಕ್ಕೆ ಅದು 53ರೊಳಗೇ ಆಗಿತ್ತು. "55ಕ್ಕೆ ಕೆಲಸ ಬಿಟ್ಟು ಆಮೇಲೆ ಆರೋಗ್ಯ ನೋಡಿಕೊಳ್ತೀನಿ" ಎನ್ನುವ ಯೋಜನೆಯಲ್ಲಿ ಎಲ್ಲಿ ತೂತಿದೆ ಎಂದು ಈಗ ತಿಳಿಯಿತಲ್ಲ?

*ಬೇಸರವೋ, ಕಾಯಿಲೆಯೋ?*

ರಾಜೀನಾಮೆ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ರಜೆ ಹಾಕಿ ಊರಿಗೆ ಹೋದಾಗ ನಾಲ್ಕೈದು ದಿನದಲ್ಲಿ ಗೆಲುವಾಗುತ್ತೀರಾ? ಹಾಗಾದರೆ ತೊಂದರೆ ಬಹುಶಃ ಕೆಲಸದ್ದು. ಅಲ್ಲಿಯೂ ಅದೇ ಸುಸ್ತು, ಅದೇ ನಿರಾಸಕ್ತಿ ಇದ್ದರೆ ಮೊದಲು ವೈದ್ಯರನ್ನು ನೋಡಿ.

• ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆ, ಹತೋಟಿಯಲ್ಲಿಲ್ಲದ ಸಕ್ಕರೆ, ಇವೆಲ್ಲ "ಕೆಲಸ ಬೇಡ" ಅನ್ನಿಸುವಂತೆ ಮಾಡುತ್ತವೆ.

• ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹಗಲಲ್ಲಿ ತೂಕಡಿಕೆ ಇದ್ದರೆ ಸ್ಲೀಪ್ ಆಪ್ನಿಯಾ ಇರಬಹುದು. ಇದು ಬಿಪಿಯನ್ನೂ ಏರಿಸುತ್ತದೆ.

• ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆಯಿಲ್ಲ ಎಂದಾದರೆ ಖಿನ್ನತೆ ಇರಬಹುದು. ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

• ಮೆಟ್ಟಿಲು ಹತ್ತುವಾಗ ಎದೆ ಬಿಗಿದು, ನಿಂತರೆ ಕಡಿಮೆಯಾಗುತ್ತಿದ್ದರೆ ಅದನ್ನು "ಟೆನ್ಷನ್", "ಗ್ಯಾಸ್" ಅನ್ನಬೇಡಿ. ತಡಮಾಡದೆ ತೋರಿಸಿ.

*ತಳ್ಳುವ ವರ್ಷಗಳಲ್ಲಿ ಮಾಡಬೇಕಾದ್ದು*

1. ನಿಮ್ಮ ಅಂಕಿಗಳು ನಿಮಗೆ ಗೊತ್ತಿರಲಿ: ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ, ಎಲ್‌ಡಿಎಲ್ ಕೊಲೆಸ್ಟ್ರಾಲ್, ಸೊಂಟದ ಸುತ್ತಳತೆ (ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗೆ). ಪಿಎಫ್ ಬ್ಯಾಲೆನ್ಸ್ ನೋಡುವ ಹಾಗೆ ವರ್ಷಕ್ಕೊಮ್ಮೆ ಇವನ್ನೂ ನೋಡಿ.

2. ತಂಬಾಕು ಬಿಡಿ. ಬಿಟ್ಟ ಒಂದು ವರ್ಷದಲ್ಲಿ ಹೃದಯ ಕಾಯಿಲೆಯ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಷ್ಟು ಬಡ್ಡಿ ಯಾವ ಬ್ಯಾಂಕೂ ಕೊಡುವುದಿಲ್ಲ.

3. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ. ಸ್ಟೇಷನ್‌ನಿಂದ ಆಫೀಸಿಗೆ ಶೇರ್ ಆಟೋ ಬಿಟ್ಟು ನಡೆದರೂ ಲೆಕ್ಕಕ್ಕೆ ಬರುತ್ತದೆ.

4. ಕೆಲಸದಲ್ಲಿ ಚೂರಾದರೂ ಹಿಡಿತ ಪಡೆಯಿರಿ. ಶಿಫ್ಟ್ ಬದಲಾವಣೆ, ಬೇರೆ ವಿಭಾಗ, ವಾರಕ್ಕೆರಡು ದಿನ ಮನೆಯಿಂದ ಕೆಲಸ, ಕೇಳಿ ನೋಡಿ. ಹೇಗೂ ಬಿಡುವವರು ನೀವು, ಕೇಳಲು ಸಂಕೋಚವೇಕೆ?

5. ನಿವೃತ್ತಿಯ ನಂತರ ಮಾಡಬೇಕೆಂದಿರುವುದನ್ನು ಈಗಲೇ ವಾರಕ್ಕೆ ಎರಡು ಗಂಟೆ ಶುರು ಮಾಡಿ. ಕನ್ನಡ ಸಂಘ, ಭಜನಾ ಮಂಡಳಿ, ತಾರಸಿ ತೋಟ, ಯಾವುದಾದರೂ ಸರಿ. ಕೆಲಸದ ಜೊತೆಗೆ ಗೆಳೆಯರೂ ಹೋದರೆ ಒಂಟಿತನ ಬೇರೆ ಕಾಯಿಲೆ ತರುತ್ತದೆ.

*ಆರೋಗ್ಯ ವಿಮೆ ಮರೆಯಬೇಡಿ*

ಹಣಕಾಸು ನನ್ನ ಕ್ಷೇತ್ರವಲ್ಲ. ಆದರೆ ಸ್ಟೆಂಟ್ ಹಾಕಬೇಕಾದ ಹೊತ್ತಿಗೆ "ಕಂಪನಿ ಇನ್ಶೂರೆನ್ಸ್ ಹೋದ ತಿಂಗಳೇ ಮುಗಿಯಿತು" ಎನ್ನುವ ಕುಟುಂಬಗಳನ್ನು ನೋಡಿದ್ದೇನೆ. ಕೆಲಸ ಬಿಟ್ಟರೆ ಕಂಪನಿಯ ವಿಮೆಯೂ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಸ್ವಂತ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗಳಿಗೆ 36 ತಿಂಗಳವರೆಗೆ ಕಾಯುವ ಅವಧಿ ಇರಬಹುದು. ಆದ್ದರಿಂದ ಕೆಲಸ ಬಿಡುವ ಮೂರು ವರ್ಷ ಮೊದಲೇ ಸ್ವಂತ ಪಾಲಿಸಿ ಮಾಡಿಸಿ. ಬಿಪಿ, ಸಕ್ಕರೆ ಇದ್ದರೆ ಮುಚ್ಚಿಡಬೇಡಿ, ಕ್ಲೇಮ್ ಹೊತ್ತಿಗೆ ಅದೇ ತೊಡಕಾಗುತ್ತದೆ. ಗುಂಪು ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ದಾರಿಯೂ ಇದೆ. ರಾಜೀನಾಮೆಗೆ ಮೊದಲೇ ಎಚ್‌ಆರ್‌ನವರನ್ನು ಕೇಳಿ.

ಇನ್ನೊಂದು ಮಾತು. "ವರ್ಷದ ಖರ್ಚಿನ 25 ಪಟ್ಟು ಇದ್ದರೆ ಸಾಕು" ಎಂಬ ಮೆಸೇಜ್ ಓಡಾಡುತ್ತಿರುತ್ತದೆ. ಅದು ಅಮೆರಿಕದ ಮಾರುಕಟ್ಟೆ ನೋಡಿ, 30 ವರ್ಷದ ನಿವೃತ್ತಿಗೆಂದು ಹಾಕಿದ ಲೆಕ್ಕ. 45ಕ್ಕೆ ಬಿಡುವವರಿಗೆ 40 ವರ್ಷ ಬಾಳುವ ಹಣ ಬೇಕು. ಬೆಲೆ ವರ್ಷಕ್ಕೆ ಶೇ. 6 ಏರಿದರೂ ಇವತ್ತಿನ 60,000 ರೂಪಾಯಿಯ ತಿಂಗಳ ಖರ್ಚು 12 ವರ್ಷದಲ್ಲಿ ಸುಮಾರು 1,20,000 ಆಗುತ್ತದೆ. ತಿಳಿದವರ ಹತ್ತಿರ ಕೂತು ಲೆಕ್ಕ ಹಾಕಿಸಿ.

*ಊರಿಗೆ ಮರಳುವವರಿಗೆ*

ನಮ್ಮಲ್ಲಿ ಬಹಳ ಜನರ ಕನಸು ಊರಿನ ಮನೆ, ತೋಟ. ಒಳ್ಳೆಯದೇ. ಆದರೆ ಮನೆ ರಿಪೇರಿಗೆ ಮುನ್ನ ಒಂದು ಪ್ರಶ್ನೆ: ರಾತ್ರಿ ಎರಡಕ್ಕೆ ಎದೆನೋವು ಬಂದರೆ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತು ಹಿಡಿಯುತ್ತದೆ? ಆಂಜಿಯೋಪ್ಲಾಸ್ಟಿ ಸೌಲಭ್ಯ ಎರಡು ಗಂಟೆಯೊಳಗೆ ಸಿಗದಿದ್ದರೆ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ನೋಡಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದೇ ಜೀವ ಉಳಿಸುವ ದಾರಿ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ತೆನೆಕ್ಟೆಪ್ಲೇಸ್ ಎಂಬ ಈ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರು ಮತ್ತು ಕಲಬುರಗಿಯಲ್ಲೂ ಇದೆ. ನಿಮ್ಮ ತಾಲ್ಲೂಕಿನಲ್ಲಿ ಏನಿದೆ ಎಂದು ಮುಂದಿನ ಸಲ ಊರಿಗೆ ಹೋದಾಗ ವಿಚಾರಿಸಿ ಬನ್ನಿ. 108 ನಂಬರ್ ಮನೆಯವರೆಲ್ಲರಿಗೂ ಗೊತ್ತಿರಲಿ.

*ಕೊನೆಯದಾಗಿ*

ಬೇಗ ನಿವೃತ್ತಿಯಾಗುವುದು ಸೋಮಾರಿತನವಲ್ಲ, ಬಯಸುವುದರಲ್ಲಿ ತಪ್ಪೂ ಇಲ್ಲ. ಆದರೆ ಅದಕ್ಕೆಂದು ಕೂಡಿಟ್ಟ ಹಣವನ್ನು ಅನುಭವಿಸಲು ದೇಹವೂ ಉಳಿದಿರಬೇಕು. ಕೆಲಸ ಬಿಡುವ ತಾರೀಖು ಐದು ವರ್ಷ ಮುಂದಿರಲಿ, ಬಿಪಿ ನೋಡಿಸುವ ತಾರೀಖು ಈ ವಾರವೇ ಇರಲಿ.

ಇದು ಸಾಮಾನ್ಯ ಮಾಹಿತಿ. ಈಗಾಗಲೇ ಔಷಧಿ ತೆಗೆದುಕೊಳ್ಳುತ್ತಿರುವವರು ನಿಮ್ಮ ವೈದ್ಯರನ್ನು ಕೇಳದೆ ಯಾವುದನ್ನೂ ಬದಲಾಯಿಸಬೇಡಿ. "ಇನ್ನೈದು ವರ್ಷ ತಳ್ಳಿಬಿಡ್ತೀನಿ" ಎನ್ನುವ ಗೆಳೆಯರು ನಿಮಗಿದ್ದರೆ ಇದನ್ನು ಅವರಿಗೆ ಕಳಿಸಿ.

ಆರೋಗ್ಯವಾಗಿರಿ. 🙏